ಬಿಟ್ಟುಹೋದವರ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ಭಾನುವಾರದ ಎರಡನೆಯ ಬಲಿಪೂಜೆ ಮುಗಿಸಿ ಗುರುನಿವಾಸಕ್ಕೆ ಮರಳುತ್ತಿದ್ದಾಗ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಹಿಂದೆಯೇ ಬಂದ. ಒಳ್ಳೆಯ ಮನೆತನದ ಹುಡುಗ. ಗಾಯನ ವೃಂದದಲ್ಲಿ ಹಾಡುವವನು, ಅವನ ತಾಯಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಹಳೆಯ ಸದಸ್ಯೆ. "ಫಾದರ್, ಐದು ನಿಮಿಷ" ಎಂದು ಕುಳಿತವನು, ಅಂದಿನ ಪ್ರಾರ್ಥನಾ ಹಾಳೆಯ ಹಿಂಬದಿಯಲ್ಲಿ ಒಂದು ವೃತ್ತ ಬರೆದ. ಅದರ ಕೆಳಗೆ ಐದು ವೃತ್ತ; ಆ ಐದರ ಕೆಳಗೆ ಇಪ್ಪತ್ತೈದು. "ಮೇಲಿರುವುದು ನಾನು. ನಾನು ಐವರನ್ನು ಸೇರಿಸಬೇಕು, ಅವರು ತಲಾ ಐವರನ್ನು. ಮಾರುವುದು ಜೀವವಿಮೆ ಫಾದರ್, ಸುಳ್ಳು ವಸ್ತುವಲ್ಲ. ಸತ್ತವರ ಮನೆಗೆ ಹಣ ಬರುತ್ತದೆ. ನಮ್ಮಲ್ಲಿ ನಾನೂರು ಕುಟುಂಬಗಳಿವೆ. ತಾವು ಒಂದು ಪ್ರಕಟಣೆ ಮಾಡಿ ಸಭಾಂಗಣ ಬಿಟ್ಟುಕೊಟ್ಟರೆ ಸಾಕು." ಮೂರು ವರ್ಷಗಳಲ್ಲಿ ಕೆಲಸ ಬಿಟ್ಟು ಮನೆಯಲ್ಲಿ ಕುಳಿತೇ ತಿಂಗಳಿಗೆ ಲಕ್ಷ ರೂಪಾಯಿ ಎಣಿಸಬಹುದೆಂದು ಅವನಿಗೆ ಯಾರೋ ತೋರಿಸಿಕೊಟ್ಟಿದ್ದರು.

ಸಭಾಂಗಣ ಕೊಡಲಿಲ್ಲ. ಆದರೆ ಏಕೆ ಕೊಡುವುದಿಲ್ಲವೆಂದು ಅವನಿಗೆ ತೃಪ್ತಿಯಾಗುವಂತೆ ಹೇಳಲು ಅಂದು ನನ್ನಿಂದಾಗಲಿಲ್ಲ. ಗುರುಮಠದಲ್ಲಿ ಬಡ್ಡಿಯ ಕುರಿತು ಧರ್ಮಸಭೆ ನಡೆಸಿದ ಚರ್ಚೆಗಳನ್ನು ಓದಿದ್ದೆನೇ ಹೊರತು ವಿಮೆಯ ಚರಿತ್ರೆಯನ್ನು ಓದಿದವನಲ್ಲ. ಆ ಹಾಳೆಯನ್ನು ಮೇಜಿನ ಸೆಳೆಖಾನೆಯಲ್ಲಿರಿಸಿಕೊಂಡು ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ವಿಮೆಯ ಬೇರಿನಲ್ಲಿರುವ ಪ್ರಶ್ನೆ ನಮಗೆ ಹೊಸದಲ್ಲ. ದುಡಿಯುವವನು ಸತ್ತರೆ ಹೆಂಡತಿ ಮಕ್ಕಳ ಗತಿಯೇನು? ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಬಲ್ಲವರಿಗೆ ನೆನಪಿರಬಹುದು. ಜೆರುಸಲೇಮಿನ ಆದಿ ಕ್ರೈಸ್ತರಲ್ಲಿ ಎದ್ದ ಮೊದಮೊದಲ ಗೊಣಗಾಟಗಳಲ್ಲೊಂದು ವಿಧವೆಯರ ಅನುದಿನದ ಪಾಲಿನ ಬಗ್ಗೆಯೇ ಆಗಿತ್ತು. ಅದನ್ನು ಸರಿಪಡಿಸಲೆಂದೇ ಏಳು ಮಂದಿಯನ್ನು ನೇಮಿಸಲಾಯಿತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಬೋಧಕರು ತಮ್ಮ ವಿಧವೆಯರಿಗಾಗಿ ಒಂದು ನಿಧಿ ಕಟ್ಟಿದರು. ವರ್ಷಕ್ಕೆ ಎಷ್ಟು ಬೋಧಕರು ಸಾಯಬಹುದು, ಎಷ್ಟು ವಿಧವೆಯರು ಉಳಿಯಬಹುದು ಎಂದು ಗಣಿತದಿಂದ ಲೆಕ್ಕಹಾಕಿ ನಡೆಸಿದ ಮೊದಲ ನಿಧಿಗಳಲ್ಲಿ ಅದೂ ಒಂದು. ಹಾಗೆ ನೋಡಿದರೆ ಜೀವವಿಮೆಯ ಬಾಲ್ಯ ಕಳೆದದ್ದು ದೇವಾಲಯದ ನೆರಳಿನಲ್ಲೇ. ಅದು ವ್ಯಾಪಾರವಾದದ್ದರಲ್ಲಿ ತಪ್ಪೇನೂ ಇಲ್ಲ. ಆ ವ್ಯಾಪಾರದಲ್ಲಿ ಲಾಭ ಎಲ್ಲಿಂದ ಹುಟ್ಟುತ್ತದೆಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು.

ಅದನ್ನು ಮೊದಲು ಕಣ್ಣಾರೆ ಕಂಡು ಬೆಚ್ಚಿದವನು ಎಲಿಜರ್ ರೈಟ್ ಎಂಬ ಅಮೆರಿಕನ್. ಗಣಿತದ ಪ್ರಾಧ್ಯಾಪಕನಾಗಿದ್ದವನು, ಗುಲಾಮಗಿರಿಯ ಕಡುವಿರೋಧಿ. 1844ರಲ್ಲಿ ತಾನು ಇಂಗ್ಲಿಷಿಗೆ ತಂದಿದ್ದ ನೀತಿಕಥೆಗಳ ಪುಸ್ತಕವನ್ನು ಮಾರಲು ಲಂಡನ್ನಿಗೆ ಹೋಗಿದ್ದಾಗ ಅವನು ಒಂದು ಹರಾಜನ್ನು ನೋಡಿದ. ಹರಾಜಿಗೆ ಬಂದಿದ್ದವು ಮುದುಕರ ವಿಮಾ ಪಾಲಿಸಿಗಳು. ವರ್ಷಗಟ್ಟಲೆ ಕಂತು ಕಟ್ಟಿ ಈಗ ಕೈಲಾಗದ ಆ ಮುದುಕರಿಗೆ ಕಂಪನಿ ಏನನ್ನೂ ಹಿಂದಿರುಗಿಸುತ್ತಿರಲಿಲ್ಲ. ಕಂತು ನಿಂತರೆ ಕಟ್ಟಿದ್ದೆಲ್ಲ ಮುಟ್ಟುಗೋಲು. ಆದ್ದರಿಂದ ಸಿಕ್ಕ ಬೆಲೆಗೆ ಪಾಲಿಸಿಯನ್ನು ಬೇರೆಯವರಿಗೆ ಮಾರುತ್ತಿದ್ದರು. ಕೊಂಡವನು ಮುಂದಿನ ಕಂತುಗಳನ್ನು ಕಟ್ಟಿ ಮುದುಕನ ಸಾವಿಗಾಗಿ ಕಾಯುತ್ತಿದ್ದ. ಬೇಗ ಸಾಯುವಂತೆ ಕಾಣುವವನ ಪಾಲಿಸಿಗೆ ಹೆಚ್ಚು ಬೆಲೆ! ರೈಟನಿಗೆ ತನ್ನ ದೇಶದ ಗುಲಾಮರ ಸಂತೆ ನೆನಪಾಯಿತು. ಊರಿಗೆ ಮರಳಿದ ಮೇಲೆ ಅವನು ಈ ಅನ್ಯಾಯದ ಬೆನ್ನು ಬಿಡಲಿಲ್ಲ. 1858ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಆಯುಕ್ತನಾದ. 1861ರಲ್ಲಿ, ಕಂತು ನಿಂತ ಮಾತ್ರಕ್ಕೆ ಕಟ್ಟಿದ ಹಣವನ್ನು ಕಂಪನಿ ನುಂಗುವಂತಿಲ್ಲ, ಅದರ ಬಹುಭಾಗವನ್ನು ಬಳಸಿ ಇನ್ನಷ್ಟು ಕಾಲ ವಿಮೆಯನ್ನು ಮುಂದುವರಿಸಬೇಕು ಎಂಬ ಕಾನೂನು ಬಂತು. ಇಂದು ನಮ್ಮ ಪಾಲಿಸಿಗಳಲ್ಲಿ ಸರೆಂಡರ್ ಮೌಲ್ಯ ಎಂದು ಬರೆದಿರುವುದನ್ನು ಓದುವಾಗ ಆ ಹಠಮಾರಿಯನ್ನು ಒಮ್ಮೆ ನೆನೆಯಬಹುದು.

ಆದರೆ ಬಿಟ್ಟುಹೋದವರ ಹಣದ ರುಚಿ ಕಂಡ ವ್ಯಾಪಾರ ಸುಲಭವಾಗಿ ಅದನ್ನು ಬಿಡುವುದೆ? ನ್ಯೂಯಾರ್ಕಿನಲ್ಲಿ ಹೆನ್ರಿ ಹೈಡ್ ಎಂಬ ತರುಣ 1859ರಲ್ಲಿ ಇಕ್ವಿಟಬಲ್ ಎಂಬ ವಿಮಾ ಕಂಪನಿಯನ್ನು ಆರಂಭಿಸಿದಾಗ ಅವನಿಗೆ ಇಪ್ಪತ್ತೈದು ವರ್ಷ. 1868ರ ಸುಮಾರಿಗೆ ಅವನು ಹೊಸ ಬಗೆಯ ಪಾಲಿಸಿಯನ್ನು ಹೊರತಂದ. ಹದಿನೇಳನೆಯ ಶತಮಾನದ ಇಟಲಿಯ ಲೊರೆಂಜೊ ತೊಂತಿ ಎಂಬವನ ಹೆಸರಿನಿಂದ ಅದಕ್ಕೆ ಟಾಂಟೀನ್ ಎನ್ನುತ್ತಾರೆ. ಇದರ ಕ್ರಮ ಹೀಗೆ: ಪಾಲಿಸಿದಾರರಿಗೆ ವರ್ಷವರ್ಷವೂ ಸಲ್ಲಬೇಕಾದ ಲಾಭಾಂಶವನ್ನು ಕೊಡದೆ ಹತ್ತು, ಹದಿನೈದು, ಇಪ್ಪತ್ತು ವರ್ಷ ಕೂಡಿಡುವುದು. ಅಷ್ಟರಲ್ಲಿ ಸತ್ತವನ ಮನೆಗೆ ವಿಮೆಯ ಮೊತ್ತ ಬರುತ್ತದೆ, ಲಾಭಾಂಶವಿಲ್ಲ. ನಡುವೆ ಕಂತು ನಿಲ್ಲಿಸಿದವನಿಗೆ ಎರಡೂ ಇಲ್ಲ. ಕೊನೆಯವರೆಗೆ ಬದುಕಿ, ಕೊನೆಯವರೆಗೆ ಕಟ್ಟಿದವರು ಕೂಡಿಟ್ಟದ್ದನ್ನೆಲ್ಲ ಹಂಚಿಕೊಳ್ಳುತ್ತಾರೆ. ನೆರೆಯವನ ಸಂಕಟದಿಂದ ತನ್ನ ಪಾಲು ಬೆಳೆಯುವ ಏರ್ಪಾಡು ಇದು. ವಿಧವೆಯರಿಗಾಗಿ ಹುಟ್ಟಿದ ವಿಮೆಯನ್ನು ಇದಕ್ಕಿಂತ ಚೆನ್ನಾಗಿ ತಲೆಕೆಳಗು ಮಾಡಲು ಯಾರಿಂದಲೂ ಸಾಧ್ಯವಿರಲಿಲ್ಲವೇನೋ!

ಇದು ಅಪಾರವಾಗಿ ಮಾರಾಟವಾಯಿತು; ಇತರ ದೊಡ್ಡ ಕಂಪನಿಗಳೂ ಇದೇ ದಾರಿ ಹಿಡಿದವು. ಮಾರಿದವರು ಏಜೆಂಟರು. ಮೊದಲ ವರ್ಷದ ಕಂತಿನ ಬಹುಪಾಲು ಅವರ ಕಮಿಷನ್ನಿಗೇ ಹೋಗುತ್ತಿತ್ತು. ಅವರ ಮೇಲೆ ಪ್ರಾಂತ್ಯದ ಏಜೆಂಟ್, ಅವನಿಗೆ ಕೆಳಗಿನವರ ಮಾರಾಟದ ಮೇಲೊಂದು ಪಾಲು. ಹಂತ ಹಂತದ ಕಮಿಷನ್ ನಮ್ಮ ಕಾಲದ ಆವಿಷ್ಕಾರವೆಂದು ತಿಳಿಯಬಾರದು. ಇಪ್ಪತ್ತು ವರ್ಷದ ಕೊನೆಯಲ್ಲಿ ಇಂತಿಷ್ಟು ಸಿಗಬಹುದೆಂಬ ಅಂದಾಜಿನ ಪಟ್ಟಿಯನ್ನು ಏಜೆಂಟರು ಮನೆಮನೆಗೆ ಹಿಡಿದೊಯ್ಯುತ್ತಿದ್ದರು. ಅವಧಿ ಮುಗಿದಾಗ ಕೈಗೆ ಬಂದ ಹಣ ಅನೇಕರಿಗೆ ಆ ಅಂದಾಜಿಗಿಂತ ಬಹಳ ಕಡಿಮೆಯಾಗಿತ್ತು. ಅಂದಾಜು ತಾನೇ, ವಾಗ್ದಾನವಲ್ಲವಲ್ಲ ಎಂಬ ಉತ್ತರ ಸಿದ್ಧವಾಗಿತ್ತು.

ಹೈಡನ ಮರಣಾನಂತರ ಕಂಪನಿ ಅವನ ಮಗನ ಕೈಗೆ ಬಂತು. 1905ರ ಜನವರಿ 31ರ ರಾತ್ರಿ ಈ ಮಗ ನ್ಯೂಯಾರ್ಕಿನಲ್ಲಿ ಫ್ರಾನ್ಸಿನ ಅರಮನೆಯ ಮಾದರಿಯಲ್ಲಿ ವೇಷಭೂಷಣಗಳ ಔತಣಕೂಟವೊಂದನ್ನು ನಡೆಸಿದ. ಅದರ ಖರ್ಚು ಕಂಪನಿಯದೆಂಬ ಗುಲ್ಲು ಹಬ್ಬಿತು. ನಿರ್ದೇಶಕರ ಒಳಜಗಳ ಪತ್ರಿಕೆಗಳ ಮುಖಪುಟಕ್ಕೆ ಬಂದು, ಅದೇ ವರ್ಷ ನ್ಯೂಯಾರ್ಕ್ ಶಾಸನಸಭೆ ಆರ್ಮ್‌ಸ್ಟ್ರಾಂಗ್ ಸಮಿತಿಯನ್ನು ನೇಮಿಸಿತು. ಸಮಿತಿಯ ಪರವಾಗಿ ಪ್ರಶ್ನಿಸಿದ ವಕೀಲ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಮುಂದೆ ಆ ರಾಜ್ಯದ ಗವರ್ನರ್ ಆದರು, ಇನ್ನೂ ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಮರುವರ್ಷ ಬಂದ ಕಾನೂನು ಲಾಭಾಂಶವನ್ನು ಹೀಗೆ ದೀರ್ಘಕಾಲ ತಡೆಹಿಡಿಯುವುದನ್ನು ನಿಷೇಧಿಸಿ, ಹೊಸ ಪಾಲಿಸಿಗಳಿಗಾಗಿ ಮಾಡುವ ಖರ್ಚಿಗೆ ಮಿತಿ ಹಾಕಿತು.

ಈ ಎಲ್ಲ ಗದ್ದಲಕ್ಕೆ ಎರಡು ದಶಕ ಮೊದಲು, ನ್ಯೂಯಾರ್ಕಿಗೆ ಹೆಚ್ಚು ದೂರವಿಲ್ಲದ ನ್ಯೂಹೇವನ್ ಪಟ್ಟಣದಲ್ಲಿ ಒಬ್ಬ ಸಹಾಯಕ ಗುರು ಇದ್ದರು: ಮೈಕೆಲ್ ಮೆಕ್‌ಗಿವ್ನಿ. ತಂದೆ ಹಿತ್ತಾಳೆ ಕಾರ್ಖಾನೆಯಲ್ಲಿ ಅಚ್ಚು ಹೊಯ್ಯುವ ಕೆಲಸಗಾರ. ಮಗ ಗುರುಮಠದಲ್ಲಿದ್ದಾಗಲೇ, 1873ರಲ್ಲಿ, ತಂದೆ ತೀರಿಕೊಂಡರು. ಹಿರಿಯ ಮಗ ಅವರೇ. ಹಿಂದೆ ತಾಯಿ, ಒಡಹುಟ್ಟಿದವರು. ದೈವಕರೆಯನ್ನು ಕೈಬಿಡಬೇಕಾದೀತೆಂಬ ಸ್ಥಿತಿಯಲ್ಲಿ ಧರ್ಮಾಧ್ಯಕ್ಷರ ನೆರವಿನಿಂದ ಓದು ಮುಂದುವರಿದು 1877ರ ಡಿಸೆಂಬರಿನಲ್ಲಿ ಗುರುದೀಕ್ಷೆಯಾಯಿತು. ಆ ಕಾಲದ ಐರಿಷ್ ಕೂಲಿಕಾರರ ಮನೆಗಳಲ್ಲಿ ಗಂಡಸು ಸತ್ತರೆ ಮಕ್ಕಳನ್ನು ನ್ಯಾಯಾಲಯ ಅನಾಥಾಲಯಗಳಿಗೆ ಹಂಚಿಬಿಡುವುದು ಸಾಮಾನ್ಯವಾಗಿತ್ತು. ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗನಿಗೆ ಹಾಗಾಗದಂತೆ ಫಾದರ್ ಮೆಕ್‌ಗಿವ್ನಿಯವರು ನ್ಯಾಯಾಲಯದಲ್ಲಿ ನಿಂತು ತಾವೇ ಪಾಲಕರಾದದ್ದುಂಟು. ಎಷ್ಟು ಮಕ್ಕಳಿಗೆ ಒಬ್ಬ ಗುರು ಪಾಲಕನಾಗಲು ಸಾಧ್ಯ? 1881ರ ಅಕ್ಟೋಬರಿನಲ್ಲಿ ಸಂತ ಮೇರಿಯಮ್ಮನವರ ದೇವಾಲಯದ ನೆಲಮಾಳಿಗೆಯಲ್ಲಿ ಧರ್ಮಕೇಂದ್ರದ ಗಂಡಸರನ್ನು ಸೇರಿಸಿದರು. 1882ರ ಮಾರ್ಚ್ 29ರಂದು ಅವರ ಸಂಘಕ್ಕೆ ರಾಜ್ಯದ ಮಾನ್ಯತೆ ದೊರೆಯಿತು. ಅದೇ ಇಂದಿನ ನೈಟ್ಸ್ ಆಫ್ ಕೊಲಂಬಸ್. ಸದಸ್ಯನೊಬ್ಬ ಸತ್ತರೆ ಉಳಿದವರು ತಲಾ ಇಷ್ಟೆಂದು ಹಾಕಿ ಅವನ ಮನೆಯನ್ನು ಉಳಿಸುವುದು. ಕಾಯಿಲೆ ಬಿದ್ದವನಿಗೂ ನೆರವು. ಮೆಕ್‌ಗಿವ್ನಿಯವರು 1890ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು. 2020ರ ಅಕ್ಟೋಬರ್ 31ರಂದು ಧರ್ಮಸಭೆ ಅವರನ್ನು ‘ಪುನೀತ’ರೆಂದು ಘೋಷಿಸಿತು. ಜೀವವಿಮೆಯ ಕೆಲಸ ಮಾಡಿದ ಗುರುವೊಬ್ಬರು ಬಲಿಪೀಠದ ಗೌರವಕ್ಕೆ ಏರಿದ್ದು ನಮ್ಮ ಯುವಕನಿಗೆ ತಿಳಿದಿದ್ದರೆ ಅಂದು ನನ್ನನ್ನು ಇನ್ನಷ್ಟು ಇಕ್ಕಟ್ಟಿಗೆ ಸಿಕ್ಕಿಸುತ್ತಿದ್ದ!

ಅವರ ಸಂಘದಲ್ಲೂ ಇಂದು ಕಮಿಷನ್ ಪಡೆಯುವ ಏಜೆಂಟರಿದ್ದಾರೆ, ಕೋಟ್ಯಂತರ ಡಾಲರುಗಳ ವ್ಯವಹಾರವಿದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ನೆಲಮಾಳಿಗೆಯಲ್ಲಿ ಸೇರಿದವರ ಲೆಕ್ಕದಲ್ಲಿ ಹೊಸದಾಗಿ ಬಂದವನು ಹಳಬನ ಆದಾಯವಾಗಿರಲಿಲ್ಲ. ಒಬ್ಬ ಸದಸ್ಯ ಬಿಟ್ಟುಹೋದರೆ ಉಳಿದವರ ಹೊರೆ ಹೆಚ್ಚುತ್ತಿತ್ತು; ಆದ್ದರಿಂದ ಅವನು ಉಳಿಯಲಿ ಎಂದು ಎಲ್ಲರೂ ಬಯಸಬೇಕಾಗಿತ್ತು.

ಇನ್ನು ವೃತ್ತಗಳ ವಂಶಾವಳಿಗೆ ಬರೋಣ. ಅದು ಹುಟ್ಟಿದ್ದು ವಿಮೆಯಲ್ಲಲ್ಲ, ಕ್ಯಾಲಿಫೋರ್ನಿಯಾದ ವಿಟಮಿನ್ ಮಾತ್ರೆಗಳಲ್ಲಿ. 1945ರಲ್ಲಿ ನ್ಯೂಟ್ರಿಲೈಟ್ ಎಂಬ ಮಾತ್ರೆಗಳ ಮಾರಾಟದ ಹೊಣೆ ಹೊತ್ತ ಇಬ್ಬರು, ಮಾರುವವನು ತನ್ನಂತೆ ಮಾರುವವರನ್ನು ಸೇರಿಸಿ ಅವರ ಮಾರಾಟದ ಮೇಲೂ ಪಾಲು ಪಡೆಯುವ ಯೋಜನೆಯನ್ನು ರೂಪಿಸಿದರು. ಆ ಇಬ್ಬರಲ್ಲಿ ಒಬ್ಬ ಅದುವರೆಗೆ ಸ್ಮಶಾನದ ಜಾಗ ಮಾರುತ್ತಿದ್ದವನು, ಇನ್ನೊಬ್ಬ ಮನಃಶಾಸ್ತ್ರಜ್ಞ. ಆ ಮಾತ್ರೆಗಳನ್ನು ಮಾರುತ್ತಿದ್ದ ಇಬ್ಬರು ಗೆಳೆಯರು 1959ರಲ್ಲಿ ಆಮ್‌ವೇ ಕಂಪನಿಯನ್ನು ಕಟ್ಟಿದರು.

ಈ ಪದ್ಧತಿಯನ್ನು ಜೀವವಿಮೆಗೆ ದೊಡ್ಡ ಪ್ರಮಾಣದಲ್ಲಿ ತಂದವನು ಆರ್ಟ್ ವಿಲಿಯಮ್ಸ್. ಜಾರ್ಜಿಯಾ ರಾಜ್ಯದವನು, ಪ್ರೌಢಶಾಲೆಯಲ್ಲಿ ಫುಟ್ಬಾಲ್ ತರಬೇತುದಾರ. 1965ರಲ್ಲಿ ಅವನ ತಂದೆ ಹೃದಯಾಘಾತದಿಂದ ಸತ್ತಾಗ ಮನೆಯಲ್ಲಿದ್ದ ವಿಮೆ ಸಾಲದೇ ಹೋಯಿತು. ತಂದೆ ತೆಗೆದುಕೊಂಡಿದ್ದದ್ದು ಆಜೀವ ವಿಮೆ: ಉಳಿತಾಯವೂ ವಿಮೆಯೂ ಬೆರೆತದ್ದು, ದುಬಾರಿ, ಹಾಗಾಗಿ ಕೊಂಡದ್ದು ಸ್ವಲ್ಪವೇ. ಕೇವಲ ಸಾವಿನ ಅಪಾಯಕ್ಕೆ ಇಷ್ಟು ವರ್ಷವೆಂದು ಕೊಳ್ಳುವ ಅವಧಿ ವಿಮೆ ಅದಕ್ಕಿಂತ ಎಷ್ಟೋ ಅಗ್ಗವೆಂದು ಅವನಿಗೆ ತಿಳಿದದ್ದು ಕೆಲವು ವರ್ಷಗಳ ನಂತರ, ಸಂಬಂಧಿಯೊಬ್ಬನಿಂದ. ಅಗ್ಗದ ಅವಧಿ ವಿಮೆ ಕೊಳ್ಳಿರಿ, ಉಳಿದ ಹಣವನ್ನು ಬೇರೆಡೆ ಹೂಡಿರಿ ಎಂಬುದೇ ಅವನ ಘೋಷಣೆಯಾಯಿತು. 1977ರ ಫೆಬ್ರವರಿಯಲ್ಲಿ 85 ಜನರೊಂದಿಗೆ ತನ್ನ ಹೆಸರಿನಲ್ಲೇ ಸಂಸ್ಥೆ ತೆರೆದ. ಹತ್ತು ವರ್ಷವಾಗುವಷ್ಟರಲ್ಲಿ ಹೊಸ ವಿಮೆಯ ಮೊತ್ತದಲ್ಲಿ ಶತಮಾನ ಹಳೆಯ ದೊಡ್ಡ ಕಂಪನಿಗಳನ್ನು ಹಿಂದಿಕ್ಕಿದ್ದ. ಅವನ ಪಡೆಯಲ್ಲಿದ್ದವರು ಶಾಲಾ ಶಿಕ್ಷಕರು, ಪೊಲೀಸರು, ಗುಮಾಸ್ತರು. ಸಂಜೆಯ ಹೊತ್ತು ವಿಮೆ ಮಾರುವವರು. 1989ರಲ್ಲಿ ಅದನ್ನು ಕೊಂಡ ಪ್ರೈಮೆರಿಕಾ ಎಂಬ ಕಂಪನಿಯ ಹೆಸರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ಅಮೆರಿಕದ ಕಾನೂನಿನ ಪ್ರಕಾರ ಅದು ನ್ಯಾಯಬದ್ಧ. ಸತ್ತವರ ಮನೆಗಳಿಗೆ ಹಣ ಸಲ್ಲಿಸಿದೆ.

ವಿಲಿಯಮ್ಸ್ ಹೇಳಿದ್ದು ಸುಳ್ಳಲ್ಲ. ಎಳೆಯ ಮಕ್ಕಳಿರುವ, ಸಂಬಳ ಕಡಿಮೆಯಿರುವ ಮನೆಗೆ ಅವಧಿ ವಿಮೆಯೇ ಸೂಕ್ತವೆಂದು ನಾನೂ ನಮ್ಮ ದಂಪತಿಗಳಿಗೆ ಹೇಳುತ್ತೇನೆ. ಈ ವಿಷಯ ಕಠಿಣವಾಗುವುದೇ ಇಲ್ಲಿ. ವಸ್ತು ಒಳ್ಳೆಯದು, ಮಾತು ನಿಜ, ಮಾರುವವನ ನೋವೂ ನಿಜ. ಆದರೆ ಕೊಳ್ಳಲು ಬಂದವನಿಗೆ ಅದೇ ಉಸಿರಿನಲ್ಲಿ ಮಾರಲು ಬಾ ಎಂದು ಕರೆ ಕೊಟ್ಟಾಗ ಮಾರಾಟವಾಗುತ್ತಿರುವುದು ವಿಮೆಯೋ ಆಸೆಯೋ ಹೇಳುವುದು ಕಷ್ಟ.

ಹೊಸಬನನ್ನು ಸೇರಿಸುವ ಕ್ರಮವನ್ನು ನೋಡಿ. ಮೊದಲ ದಿನವೇ ಅವನ ಕೈಗೆ ಕಾಗದ ಕೊಟ್ಟು ಬಲ್ಲವರೆಲ್ಲರ ಹೆಸರು ಬರೆಯಲು ಹೇಳುತ್ತಾರೆ: ಬಂಧುಗಳು, ಮದುವೆಗೆ ಕರೆದವರು, ಜೊತೆಯಲ್ಲಿ ಓದಿದವರು, ದೇವಾಲಯದಲ್ಲಿ ಪಕ್ಕದಲ್ಲಿ ಕೂರುವವರು. ಪರವಾನಗಿ ಪರೀಕ್ಷೆ ಮುಗಿಯುವವರೆಗೆ ಹೊಸಬ ತಾನೇ ಮಾರುವಂತಿಲ್ಲ. ಆದ್ದರಿಂದ ತರಬೇತಿಯ ಹೆಸರಿನಲ್ಲಿ ಹಿರಿಯನೊಬ್ಬ ಅವನ ಜೊತೆ ಅಕ್ಕನ ಮನೆಗೆ, ಚಿಕ್ಕಪ್ಪನ ಮನೆಗೆ ಹೋಗಿ ಮಾರುತ್ತಾನೆ; ಆ ಕಮಿಷನ್ ಹಿರಿಯನದು. ಪಟ್ಟಿ ಮುಗಿಯುವ ಹೊತ್ತಿಗೆ ಹೊಸಬ ಪರೀಕ್ಷೆಗೆ ಕುಳಿತಿರಬಹುದು, ಕೂರದೆಯೂ ಇರಬಹುದು. ಮುಂದೆ ತಾನೇ ಮಾರಿ ಮುಂಗಡವಾಗಿ ಪಡೆದ ಕಮಿಷನ್, ಅಕ್ಕ ಆರು ತಿಂಗಳಿಗೆ ಕಂತು ನಿಲ್ಲಿಸಿದರೆ ಹಿಂದಕ್ಕೆ ಹೋಗುತ್ತದೆ. ಯಾರೂ ಯಾರಿಗೂ ಸುಳ್ಳು ಹೇಳದೆಯೇ ಇಷ್ಟೂ ನಡೆಯಬಲ್ಲದು.

ಆದಾಯದ ಮಾತಿಗೆ ಬಂದರೆ ಕಂಪನಿಯೇ ಹೂಡಿಕೆದಾರರಿಗಾಗಿ ಪ್ರಕಟಿಸುವ ವರದಿಗಳಿವೆ. 2023ರಲ್ಲಿ ಪ್ರೈಮೆರಿಕಾ ಸೇರಿಸಿಕೊಂಡವರು 3.6 ಲಕ್ಷಕ್ಕೂ ಮೇಲೆ. ಅದೇ ವರ್ಷ ಹೊಸದಾಗಿ ಪರವಾನಗಿ ಪಡೆದವರು ಸುಮಾರು 49 ಸಾವಿರ. ಅಂದರೆ ಏಳೆಂಟು ಮಂದಿಯಲ್ಲಿ ಒಬ್ಬ. ವರ್ಷಾಂತ್ಯದಲ್ಲಿ ಪರವಾನಗಿ ಹೊಂದಿದ್ದವರು ಒಟ್ಟು 1.4 ಲಕ್ಷದಷ್ಟು, ಆ ವರ್ಷ ಮಾರಿದ ಪಾಲಿಸಿಗಳು ಸುಮಾರು 3.6 ಲಕ್ಷ. ಪರವಾನಗಿಯಿರುವವನು ಸರಾಸರಿ ನಾಲ್ಕೈದು ತಿಂಗಳಿಗೊಂದು ಪಾಲಿಸಿ ಮಾರಿದಂತಾಯಿತು. ಇನ್ನೂ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು: ಸೇರಿಸಿಕೊಂಡ ಜನರ ಸಂಖ್ಯೆಯೂ ಮಾರಿದ ಪಾಲಿಸಿಗಳ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ. 2010ರ ದಶಕದಲ್ಲಿ ಆ ಕಂಪನಿ ತನ್ನ ಪ್ರತಿನಿಧಿಗಳಿಗೆ ಕೊಟ್ಟದ್ದು ವರ್ಷಕ್ಕೆ ಸರಾಸರಿ ಆರು ಸಾವಿರ ಡಾಲರುಗಳ ಆಸುಪಾಸು. ಆ ದೇಶದಲ್ಲಿ ಅದರಿಂದ ಸಂಸಾರ ನಡೆಯದು. ಸರಾಸರಿಯೆಂಬುದೂ ಇಲ್ಲಿ ಮೋಸದ ಮಾತು. ಮೇಲಿನ ಕೆಲವರ ಲಕ್ಷಾಂತರ ಡಾಲರುಗಳನ್ನು ಕೆಳಗಿನವರ ಸೊನ್ನೆಗಳೊಡನೆ ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆ ಯಾರ ಜೇಬಿನಲ್ಲೂ ಇರುವುದಿಲ್ಲ.

ಅಮೆರಿಕ ಸರಕಾರದ ವ್ಯಾಪಾರ ಆಯೋಗ ಈ ಸಂಗತಿಯನ್ನು ಅರ್ಧ ಶತಮಾನದಿಂದ ಬೆನ್ನಟ್ಟುತ್ತಾ ಬಂದಿದೆ. 1979ರಲ್ಲಿ ಆಮ್‌ವೇ ಪ್ರಕರಣದಲ್ಲಿ, ಅದು ಕಾನೂನುಬಾಹಿರ ಪಿರಮಿಡ್ ಅಲ್ಲವೆಂದು ತೀರ್ಮಾನಿಸಿದ ಆಯೋಗ, ಆದಾಯದ ಬಗ್ಗೆ ಉತ್ಪ್ರೇಕ್ಷೆ ಮಾಡಕೂಡದೆಂದೂ ಆದೇಶಿಸಿತು. 2024ರಲ್ಲಿ ಆಯೋಗದ ಸಿಬ್ಬಂದಿ ಇಂಥ 70 ಕಂಪನಿಗಳು ತಾವೇ ಪ್ರಕಟಿಸಿದ್ದ ಆದಾಯ ವಿವರಣೆಗಳನ್ನು ಓದಿ ವರದಿ ಕೊಟ್ಟರು. ಹೆಚ್ಚಿನ ಕಂಪನಿಗಳಲ್ಲಿ ಬಹುಪಾಲು ಜನರಿಗೆ ಸಿಕ್ಕಿದ್ದು ವರ್ಷಕ್ಕೆ ಸಾವಿರ ಡಾಲರ್ ಅಥವಾ ಅದಕ್ಕಿಂತ ಕಡಿಮೆ, ಅದೂ ಖರ್ಚು ಕಳೆಯುವ ಮುನ್ನ. ಇನ್ನೂ ಮುಖ್ಯವಾದದ್ದೆಂದರೆ, ಅನೇಕ ವಿವರಣೆಗಳು ಏನೂ ಗಳಿಸದವರನ್ನು ಲೆಕ್ಕದಿಂದಲೇ ಹೊರಗಿಟ್ಟಿದ್ದವು. ಲಂಡನ್ನಿನ ಮುದುಕರು, ಹೈಡನ ಕಂತು ತಪ್ಪಿದವರು, ಈಗ ಇವರು. ಬಿಟ್ಟುಹೋದವರ ಹಣ ಒಳಗೆ ಉಳಿಯುತ್ತದೆ, ಅವರ ಹೆಸರು ಪಟ್ಟಿಯಲ್ಲಿ ಉಳಿಯುವುದಿಲ್ಲ.

ಒಂದು ಸಂಜೆ ಆ ಪ್ರಾರ್ಥನಾ ಹಾಳೆಯನ್ನು ತೆಗೆದು ವೃತ್ತಗಳನ್ನು ಮುಂದುವರಿಸಿದೆ. ಐದು, ಇಪ್ಪತ್ತೈದು, ನೂರಿಪ್ಪತ್ತೈದು. ನಾಲ್ಕನೆಯ ಸಾಲಿಗೆ 625; ಅಲ್ಲಿಗೆ ನಮ್ಮ ನಾನೂರು ಕುಟುಂಬಗಳು ಮುಗಿದವು. ಹನ್ನೊಂದನೆಯ ಸಾಲಿನವರೆಗೆ ಕೂಡಿಸಿದಾಗ ಬಂದ ಮೊತ್ತ 6,10,35,155. ಎಲ್ಲೋ ನೋಡಿದಂತಿದೆಯಲ್ಲ ಎಂದು ಹುಡುಕಿದರೆ, 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6,10,95,297! ಬೀದರಿನಿಂದ ಚಾಮರಾಜನಗರದವರೆಗೆ, ತೊಟ್ಟಿಲಿನ ಕೂಸುಗಳೂ ಸೇರಿದಂತೆ ಎಲ್ಲರೂ ವಿಮೆ ಮಾರುತ್ತಿರಬೇಕು, ಕೊಳ್ಳುವವರಿಗಾಗಿ ಪಕ್ಕದ ರಾಜ್ಯಕ್ಕೆ ಹೋಗಬೇಕು. ಅಷ್ಟು ದೂರ ಹೋಗುವುದೂ ಬೇಡ. ಐದೈದರ ಸರಪಳಿಯನ್ನು ಯಾವ ಹಂತದಲ್ಲಿ ನಿಲ್ಲಿಸಿ ನೋಡಿದರೂ ಕಟ್ಟಕಡೆಯ ಸಾಲಿನಲ್ಲಿ, ಕೆಳಗೆ ಯಾರೂ ಇಲ್ಲದೆ ನಿಂತವರು ಐವರಲ್ಲಿ ನಾಲ್ವರು. ಯಾರ ಸೋಮಾರಿತನದಿಂದಲೂ ಆದದ್ದಲ್ಲ ಇದು, ಆ ಚಿತ್ರದ ರಚನೆಯೇ ಅಂಥದು. ಆದರೆ ಸೋತವನಿಗೆ ಹೇಳುವುದು ಮಾತ್ರ, ನೀನು ಸಾಕಷ್ಟು ಶ್ರಮಪಡಲಿಲ್ಲವೆಂದು. ಅವನೂ ಅದನ್ನು ನಂಬಿ ತಲೆತಗ್ಗಿಸುತ್ತಾನೆ.

ನಮ್ಮ ದೇಶದಲ್ಲಿ ಈ ಹಂತಗಳ ಏಣಿಯನ್ನು ಕಳಚುವ ಕೆಲಸ ಹಿಂದೆಯೇ ಆರಂಭವಾಗಿತ್ತು. 1938ರ ವಿಮಾ ಕಾಯಿದೆಯ ಕಾಲದಲ್ಲಿ ಏಜೆಂಟರ ಮೇಲೆ ಪ್ರಧಾನ ಏಜೆಂಟ್, ಮುಖ್ಯ ಏಜೆಂಟ್, ವಿಶೇಷ ಏಜೆಂಟ್ ಎಂಬ ಪದವಿಗಳಿದ್ದವು. ಕಂತಿನ ಹಣ ಈ ಮೆಟ್ಟಿಲುಗಳಲ್ಲೇ ಸೋರಿಹೋಗುತ್ತಿತ್ತು. 1950ರ ತಿದ್ದುಪಡಿಯಲ್ಲಿ ಪ್ರಧಾನ ಏಜೆಂಟರ ಪದ್ಧತಿಗೆ ಕೊನೆ ಹಾಡಲಾಯಿತು. 1956ರಲ್ಲಿ 245 ಸಂಸ್ಥೆಗಳನ್ನು ಒಂದುಗೂಡಿಸಿ ಜೀವವಿಮಾ ನಿಗಮ ಸ್ಥಾಪನೆಯಾಯಿತು. ಅಲ್ಲಿಂದ ಮುಂದೆ ನಮ್ಮ ಹಿರಿಯರಿಗೆ ವಿಮೆ ಎಂದರೆ ಪರಿಚಯದ ಎಲ್‌ಐಸಿ ಏಜೆಂಟ್. ಮಗುವಿನ ನಾಮಕರಣಕ್ಕೂ ಬರುವವನು, ಕಂತಿನ ದಿನವನ್ನೂ ನೆನಪಿಸುವವನು. ಅವನೇನೂ ಸಂತನಾಗಿರಲಿಲ್ಲ. ಮೊದಲ ವರ್ಷದ ಕಂತಿನಲ್ಲಿ ಶೇಕಡ 35ರವರೆಗೂ ಕಮಿಷನ್ ಕೊಡಲು ಕಾನೂನಿನಲ್ಲೇ ಅವಕಾಶವಿತ್ತು, ನಾಲ್ಕನೆಯ ವರ್ಷದಿಂದ ಶೇಕಡ 5 ಮಾತ್ರ. ಹೊಸ ಪಾಲಿಸಿಯ ಮೇಲೆ ಅವನಿಗಿದ್ದ ಪ್ರೀತಿ ಹಳೆಯದರ ಮೇಲೆ ಇರದಿದ್ದರೆ ಆಶ್ಚರ್ಯವಿಲ್ಲ. ಆದರೂ ನಿಮ್ಮನ್ನೂ ಏಜೆಂಟನನ್ನಾಗಿ ಮಾಡಿ ನಿಮ್ಮ ತಂಗಿಯ ಮನೆಗೆ ಕಳುಹಿಸುವ ಅಗತ್ಯ ಅವನಿಗಿರಲಿಲ್ಲ.

ಸರಪಳಿ ಯೋಜನೆಗಳ ಹಾವಳಿ ಹೆಚ್ಚಿದಾಗ 1978ರಲ್ಲಿ ಹಣ ಚಲಾವಣೆಯ ಯೋಜನೆಗಳನ್ನು ನಿಷೇಧಿಸುವ ಕಾಯಿದೆ ಬಂತು. 2000ದ ನಂತರ ಖಾಸಗಿ ವಿಮಾ ಕಂಪನಿಗಳಿಗೆ ಬಾಗಿಲು ತೆರೆದಾಗ ಹಳೆಯ ಏಣಿ ಹೊಸ ಹೆಸರಿನಲ್ಲಿ ಮರಳಿತು. ಊರಿನಲ್ಲಿ ಒಬ್ಬನಿಗೆ ಪರವಾನಗಿ, ಅವನ ಕೈಕೆಳಗೆ ಪರವಾನಗಿಯಿಲ್ಲದ ನೂರು ಜನ. ಪಾಲಿಸಿ ಇವರು ಮಾರುವುದು, ಸಹಿ ಅವನದು, ಕಮಿಷನ್ ಒಳಗೊಳಗೇ ಹಂಚಿಕೆ. 2015ರ ವಿಮಾ ಕಾನೂನು ತಿದ್ದುಪಡಿ ಇದನ್ನು ಹೆಸರಿಟ್ಟು ಕರೆಯಿತು. ಉಳಿದಿದ್ದ ಮುಖ್ಯ ಏಜೆಂಟ್, ವಿಶೇಷ ಏಜೆಂಟ್ ಪದವಿಗಳು ಹೋದವು. ಬಹುಹಂತದ ಮಾರಾಟ ಯೋಜನೆಯ ಮೂಲಕ ವಿಮೆ ಕೊಳ್ಳುವಂತೆ ಯಾರನ್ನೂ ಪ್ರೇರೇಪಿಸಬಾರದೆಂದು 42ಎ ವಿಧಿಯಲ್ಲಿ ಸ್ಪಷ್ಟಪಡಿಸಲಾಯಿತು. ಅಧಿಕಾರವಿಲ್ಲದವರ ಮೂಲಕ ವಿಮೆ ಮಾರಿಸಿ ಕಮಿಷನ್ ಅಥವಾ ಇತರ ಲಾಭ ಹಂಚುವ ಯಾವುದೇ ಏರ್ಪಾಡು, ಅದಕ್ಕೆ ಏನೇ ಹೆಸರಿಡಲಿ, ಈ ವ್ಯಾಖ್ಯೆಯೊಳಗೆ ಬರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಪೊಲೀಸರಿಗೆ ದೂರು ಕೊಡಬಹುದು. ಅಮೆರಿಕದಲ್ಲಿ ಪರವಾನಗಿ ಪಡೆದವರ ನಡುವೆ ನಡೆಯುವ ಹಂತದ ಕಮಿಷನ್ ಬೇರೆ, ಇಲ್ಲಿ ಪರವಾನಗಿಯಿಲ್ಲದವರನ್ನು ಕಟ್ಟಿಕೊಂಡು ನಡೆಸುವ ಸರಪಳಿ ಬೇರೆ. ನ್ಯೂಜೆರ್ಸಿಯಲ್ಲೋ ಟೊರಾಂಟೋದಲ್ಲೋ ಇರುವ ಅಣ್ಣ ಅದನ್ನು ಮಾಡುತ್ತಿದ್ದಾನೆಂದು ಇಲ್ಲಿಯ ತಮ್ಮ ಇದನ್ನು ಮಾಡಿದರೆ, ಅಣ್ಣ ಉಳಿಯುವ ಕಡೆ ತಮ್ಮ ಉಳಿಯುವುದಿಲ್ಲ. ವಿಮೆ ಮಾರಲು ಬಂದವನ ಪರವಾನಗಿಯನ್ನು ತೋರಿಸಲು ಕೇಳುವುದು ಅವನಿಗೆ ಮಾಡುವ ಅವಮಾನವೆಂದು ನಮ್ಮವರು ಭಾವಿಸುತ್ತಾರೆ. ಪೂಜೆಯಲ್ಲಿ ಪಕ್ಕದಲ್ಲಿ ಕುಳಿತು ಶಾಂತಿ ಕೋರಿದವನನ್ನು ಹಾಗೆ ಕೇಳುವುದು ಹೇಗೆ ಎಂಬ ಸಂಕೋಚ. ಆ ಸಂಕೋಚಕ್ಕೆ ಬೆಲೆಯಿದೆಯೆಂದು ಆ ಯೋಜನೆಗಳನ್ನು ರೂಪಿಸಿದವರಿಗೆ ಚೆನ್ನಾಗಿ ಗೊತ್ತು.

ನಮ್ಮ ಆ ಯುವಕನ ವಿಷಯ ಹೇಳಬೇಕು. ಸಭಾಂಗಣವಿಲ್ಲದಿದ್ದರೂ ಅವನು ಮನೆಮನೆಗೆ ಹೋಗಿ ಹದಿನಾಲ್ಕು ಜನರನ್ನು ಸೇರಿಸಿದ್ದ. ಭಾವಮೈದ, ಧರ್ಮೋಪದೇಶದ ಶಿಕ್ಷಕಿಯೊಬ್ಬರು, ಗಾಯನ ವೃಂದದ ಮೂವರು, ತಾಯಿಯ ಸಭೆಯ ಇಬ್ಬರು ಹೆಂಗಸರು. ಅವನ ಬಳಿ ಪರವಾನಗಿ ಇರಲಿಲ್ಲ. ಪಾಲಿಸಿಗಳೆಲ್ಲ ಪಟ್ಟಣದ ಯಾರದೋ ಹೆಸರಿನಲ್ಲಿ ಆಗಿದ್ದವು. ಎರಡನೆಯ ವರ್ಷ ಹನ್ನೊಂದು ಮಂದಿ ಕಂತು ನಿಲ್ಲಿಸಿದರು. ಅವರಲ್ಲಿ ಇಬ್ಬರದನ್ನು ಕೆಲವು ತಿಂಗಳು ತಾನೇ ಕಟ್ಟಿದನಂತೆ, ಮುಖ ಉಳಿಸಿಕೊಳ್ಳಲು. ಅವನ ತಾಯಿ ಆ ಇಬ್ಬರು ಹೆಂಗಸರ ಮನೆಗೆ ಹೋಗಿ ಕಟ್ಟಿದ ಹಣವನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸಿದರೆಂದು ಬಹಳ ದಿನಗಳ ನಂತರ ನನಗೆ ತಿಳಿಯಿತು. ಒಬ್ಬರು ತೆಗೆದುಕೊಂಡರು, ಇನ್ನೊಬ್ಬರು ಬೇಡವೆಂದರು. ಬೇಡವೆಂದವರ ಜೊತೆಗೇ ಮಾತು ನಿಂತಿದೆ.

ಅವನು ಈಗ ಗಾಯನ ವೃಂದದಲ್ಲಿಲ್ಲ. ಭಾನುವಾರ ಬೆಳಿಗ್ಗೆ ಆರು ಗಂಟೆಯ ಪೂಜೆಗೆ ಬಂದು, ಹಿಂದಿನ ಬೆಂಚಿನಲ್ಲಿ ಕುಳಿತು, ಕೊನೆಯ ಆಶೀರ್ವಾದವಾದ ಕೂಡಲೇ ಹೊರಡುತ್ತಾನೆ. ಕಳೆದ ತಿಂಗಳು ಬಾಗಿಲಲ್ಲಿ ತಡೆದು ಗಾಯನ ವೃಂದಕ್ಕೆ ಯಾವಾಗ ಮರಳುತ್ತೀಯೆಂದು ಕೇಳಿದೆ. "ನೋಡೋಣ ಫಾದರ್" ಎಂದ.